ರಾತ್ರಿಯೇ ಶುರುವಾಗುವ ಸಾರು

ಬೆಳಿಗ್ಗೆ ಏಳು ಗಂಟೆಗೆ ಎಷ್ಟೋ ಮನೆಗಳಲ್ಲಿ ಏಳುವ ಪ್ರಶ್ನೆ, "ಇವತ್ತು ಸಾರು ಏನು?" ಎಂಬುದು. ಮಕ್ಕಳ ಡಬ್ಬಿ, ಆಫೀಸಿನ ಗಡಿಬಿಡಿ, ನಲ್ಲಿ ನೀರು ನಿಲ್ಲುವ ಮುಂಚೆ ತುಂಬಿಸಿಕೊಳ್ಳುವ ಅವಸರ, ಇವುಗಳ ನಡುವೆ ಆ ಪ್ರಶ್ನೆಗೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ. ತೊಗರಿಬೇಳೆ ತೊಳೆದು ಕುಕ್ಕರಿಗೆ ಹಾಕುವುದು, ಮೂರು ವಿಷಲ್ ಕೂಗಿಸುವುದು, ಇದ್ದ ತರಕಾರಿ ಹೆಚ್ಚಿ ಹಾಕಿ, ಪುಡಿ ಹುಳಿ ಸೇರಿಸಿ ಕುದಿಸುವುದು. ಆ ಹೊತ್ತಿನಲ್ಲಿ "ಹುರುಳಿ ಸಾರು ಮಾಡೋಣ" ಎಂದು ಯಾರಾದರೂ ಹೇಳಿದರೆ ಅದು ತಮಾಷೆಯಂತೆ ಕೇಳುತ್ತದೆ. ಹುರುಳಿ ಸಾರು ಬೇಕೆಂದಿದ್ದರೆ ನಿನ್ನೆ ರಾತ್ರಿಯೇ ಹೇಳಬೇಕಿತ್ತು.

ದಿನದ ಊಟದಲ್ಲಿ ಕಾಳು ಹಿಂದೆ ಸರಿದದ್ದಕ್ಕೆ ಜನ ನಾನಾ ಕಾರಣ ಕೊಡುತ್ತಾರೆ. ಗ್ಯಾಸ್ಟ್ರಿಕ್ ಆಗುತ್ತೆ, ಬೇಗ ಬೇಯಲ್ಲ, ಮಕ್ಕಳು ಮುಟ್ಟಲ್ಲ. ಇವೆಲ್ಲ ಇಲ್ಲವೆಂದು ನಾನು ಹೇಳುವುದಿಲ್ಲ. ಒಂದೊಂದನ್ನೂ ಮುಂದೆ ನೋಡೋಣ. ಆದರೆ ನನ್ನ ಅಭಿಪ್ರಾಯದಲ್ಲಿ ಇವೆಲ್ಲಕ್ಕೂ ಮೂಲ, ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಒಂದು ಬಟ್ಟಲು ಕಾಳು ನೆನೆಹಾಕಿ ಮಲಗುವ ಅಭ್ಯಾಸ ತಪ್ಪಿಹೋದದ್ದು. ಆ ಎರಡು ನಿಮಿಷದ ಕೆಲಸ ಮರಳಿ ಬಂದರೆ ಉಳಿದ ತೊಡಕುಗಳು ತಾವಾಗಿಯೇ ಸಡಿಲವಾಗುತ್ತವೆ.

ನಾನು ಕಾಳು ಎನ್ನುತ್ತಿರುವುದು ಒಣಗಿಸಿದ, ಒಡೆಯದ, ಸಿಪ್ಪೆ ಸಮೇತವಾದ ಇಡಿಕಾಳನ್ನು. ಹುರುಳಿ, ಹೆಸರು, ಅಲಸಂದೆ, ಅವರೆ, ಕಡಲೆ, ಮಡಕಿ, ಬಟಾಣಿ, ಈಚೆಗೆ ಬಂದ ರಾಜ್ಮಾ ಎಲ್ಲವೂ ಈ ಸಾಲಿನವೇ. ಬೇಳೆಯ ಮೇಲೆ ನನಗೇನೂ ಹಗೆಯಿಲ್ಲ. ಆದರೆ ಬೇಳೆ ಮಾಡುವಾಗ ಸಿಪ್ಪೆ ಹೋಗುತ್ತದೆ, ಸಿಪ್ಪೆಯ ಜೊತೆ ನಾರೂ ಹೋಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕ ನೋಡಿದರೆ, ನೂರು ಗ್ರಾಂ ಇಡಿ ಹೆಸರುಕಾಳಿನಲ್ಲಿ ಸುಮಾರು 17 ಗ್ರಾಂ ನಾರಿದೆ. ಅದೇ ಹೆಸರುಬೇಳೆಯಾದರೆ 9ರ ಆಸುಪಾಸು. ಸಕ್ಕರೆ ಕಾಯಿಲೆ ಇರುವವರಿಗೆ ವೈದ್ಯರು "ಕಾಳು ತಿನ್ನಿ" ಎನ್ನುವುದು ಇದಕ್ಕೇ. ನಾರಿನ ಜೊತೆ ಇರುವ ಪಿಷ್ಟ ನಿಧಾನವಾಗಿ ಜೀರ್ಣವಾಗುತ್ತದೆ, ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದಿಲ್ಲ.

ಇದೇ ಸಂಸ್ಥೆ 2024ರಲ್ಲಿ ಭಾರತೀಯರಿಗೆ ಆಹಾರ ಮಾರ್ಗಸೂಚಿಯನ್ನೂ ಪ್ರಕಟಿಸಿತು. ಅದರ ಪ್ರಕಾರ 2000 ಕ್ಯಾಲೊರಿ ಊಟ ಮಾಡುವ ಒಬ್ಬರಿಗೆ ದಿನಕ್ಕೆ 250 ಗ್ರಾಂ ಏಕದಳ ಧಾನ್ಯವಾದರೆ, ಬೇಳೆಕಾಳು 85 ಗ್ರಾಂ ಇರಬೇಕು. ಮೊಟ್ಟೆ, ಮೀನು, ಮಾಂಸ ತಿನ್ನುವವರು ಈ 85ರಲ್ಲಿ ಒಂದು ಪಾಲನ್ನು ಅವುಗಳಿಂದ ತುಂಬಿಸಿಕೊಳ್ಳಬಹುದು. ಕಾಗದದ ಮೇಲೆ ಚಿಕ್ಕದಾಗಿ ಕಾಣುವ ಅಂಕಿ ಇದು. ಮನೆಯ ಲೆಕ್ಕಕ್ಕೆ ತನ್ನಿ. ನಾಲ್ವರು ಸಸ್ಯಾಹಾರಿಗಳಿರುವ ಮನೆಯಲ್ಲಿ ದಿನಕ್ಕೆ 340 ಗ್ರಾಂ, ತಿಂಗಳಿಗೆ ಹತ್ತು ಕಿಲೋ. ನಿಮ್ಮ ಮನೆಯ ತಿಂಗಳ ಸಾಮಾನಿನ ಚೀಟಿಯಲ್ಲಿ ಬೇಳೆ, ಕಾಳು, ಹುರಿಗಡಲೆ, ಇಡ್ಲಿ ದೋಸೆಯ ಉದ್ದು ಎಲ್ಲ ಕೂಡಿಸಿದರೂ ಹತ್ತು ಕಿಲೋ ಆಗುತ್ತದೆಯೇ? ಬಹಳ ಮನೆಗಳಲ್ಲಿ ಅಕ್ಕಿ ಇಪ್ಪತ್ತೈದು ಕಿಲೋ ಚೀಲದಲ್ಲಿ ಬರುತ್ತದೆ, ಬೇಳೆ ಕಿಲೋ ಲೆಕ್ಕದಲ್ಲಿ, ಕಾಳು ಕಾಲು ಕಿಲೋ ಪೊಟ್ಟಣದಲ್ಲಿ. ತಿಳಿಸಾರು ಕಲಸಿ ಒಂದು ತಟ್ಟೆ ಅನ್ನ ಉಂಡೆವೆಂದರೆ ಬೇಳೆ ತಿಂದ ಹಾಗಾಗುವುದಿಲ್ಲ, ಬೇಳೆಯ ಘಮ ಕುಡಿದ ಹಾಗಾಗುತ್ತದೆ ಅಷ್ಟೇ.

ನೂರು ಗ್ರಾಂ ಅಕ್ಕಿ ಅಥವಾ ರಾಗಿಯಲ್ಲಿ ಏಳೆಂಟು ಗ್ರಾಂ ಪ್ರೋಟೀನು ಇದ್ದರೆ ಅಷ್ಟೇ ತೂಕದ ಕಾಳಿನಲ್ಲಿ 19ರಿಂದ 23 ಗ್ರಾಂ ಇರುತ್ತದೆ. ಅಕ್ಕಿ ರಾಗಿಗಳ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಮೆಥಿಯೊನೀನ್ ಕಡಿಮೆ, ಧಾನ್ಯಗಳು ಆ ಕೊರತೆಯನ್ನು ತುಂಬುತ್ತವೆ. ಮುದ್ದೆಗೆ ಕಾಳಿನ ಸಾರು, ಜೋಳದ ರೊಟ್ಟಿಗೆ ಮಡಕಿಕಾಳಿನ ಪಲ್ಯೆ, ಅನ್ನಕ್ಕೆ ಕಡಲೆ ಗಸಿ ಎಂದು ನಮ್ಮ ಹಿರಿಯರು ಜೊತೆ ಮಾಡಿದಾಗ ಲೈಸೀನಿನ ಹೆಸರು ಕೇಳಿರಲಿಲ್ಲ. ಉಂಡವರು ಗದ್ದೆಯಲ್ಲಿ ಸಂಜೆಯವರೆಗೆ ನಿಲ್ಲುತ್ತಾರೋ ಇಲ್ಲವೋ ಎಂಬುದನ್ನು ಮಾತ್ರ ನೋಡಿದ್ದರು.

ಈ ಕಾಳುಗಳಲ್ಲೆಲ್ಲ ನಾನು ಮೊದಲು ಹಿಡಿಯುವ ಪಕ್ಷ ಹುರುಳಿಯದು. ಹಳೇ ಮೈಸೂರಿನ ಹಳ್ಳಿಗಳ ಬಾಯಲ್ಲಿ ಹುಳ್ಳಿಕಾಳು, ತುಳುವಿನಲ್ಲಿ ಕುಡು. ಇಷ್ಟು ಗುಣವಿದ್ದೂ ಇಷ್ಟು ಅವಮಾನ ಉಂಡ ಕಾಳು ಇನ್ನೊಂದಿಲ್ಲ. ಕುದುರೆಗೆ, ಉಳುವ ಎತ್ತಿಗೆ ಬೇಯಿಸಿ ಹಾಕುತ್ತಿದ್ದರೆಂಬ ಒಂದೇ ಕಾರಣಕ್ಕೆ ಅದು ಬಡವರ ಕಾಳಾಯಿತು, ನೆಂಟರು ಬಂದಾಗ ಒಲೆಯ ಮೇಲೆ ಇಡಬಾರದ ಕಾಳಾಯಿತು. ನಮ್ಮ ಕಡೆಯ ಸಂತೆಯಲ್ಲಿ ಹುರುಳಿಯ ಚೀಲದ ಮುಂದೆ ನಿಂತರೆ ಮಾರುವ ಅಜ್ಜಿ ಇಂದಿಗೂ ಮೊದಲು ಕೇಳುವುದು, "ದನಕ್ಕಾ, ಮನೆಗಾ, ಹೇಳವ್ವ?" ಎಂದೇ. "ಮನೆಗೇ ಅಜ್ಜಿ" ಎಂದರೆ ಮುಖ ಅರಳಿಸಿಕೊಂಡು ಹಿಂದಿನ ಇನ್ನೊಂದು ಚೀಲ ಬಿಚ್ಚುತ್ತಾಳೆ. ಅದರಲ್ಲಿ ಕಲ್ಲು ಕಡಿಮೆ, ಕಾಳು ಹೊಸದು.

ಆದರೆ ವಂಶಾವಳಿ ತೆಗೆದರೆ ನಮ್ಮ ನೆಲದಲ್ಲಿ ಹುರುಳಿಗಿಂತ ಹಳೆಯ ಮನೆತನ ಹೆಚ್ಚು ಕಾಳುಗಳಿಗಿಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಪುರಾತತ್ತ್ವಜ್ಞ ರವಿ ಕೊರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮೊದಲಾದವರು ಮಣ್ಣನ್ನು ನೀರಿನಲ್ಲಿ ತೇಲಿಸಿ, ಸುಟ್ಟು ಕರಕಲಾಗಿ ಉಳಿದ ಕಾಳುಗಳನ್ನು ಬೇರ್ಪಡಿಸಿದರು. ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ಒಲೆಗಳ ಬದಿಯಲ್ಲಿ ಮತ್ತೆ ಮತ್ತೆ ಸಿಕ್ಕಿದ್ದು ಕೊರಲೆಯಂಥ ಸಣ್ಣ ಸಿರಿಧಾನ್ಯ, ಅದರ ಜೊತೆಗೆ ಹುರುಳಿ ಮತ್ತು ಹೆಸರು. ಈಗ ನಾವು ನಮ್ಮದೇ ಎಂದುಕೊಂಡಿರುವ ತೊಗರಿ ಒಡಿಶಾ, ಬಸ್ತರ್ ಕಡೆಯ ಕಾಡಿನಿಂದ ಹೊಲಕ್ಕಿಳಿದದ್ದು. ಕಡಲೆ ಪಶ್ಚಿಮ ಏಷ್ಯಾದ್ದು. ಅವರೆ, ಅಲಸಂದೆಗಳ ಮೂಲ ಆಫ್ರಿಕಾ. ರಾಜ್ಮಾ ಅಮೆರಿಕಾ ಖಂಡದಿಂದ ಹಡಗು ಹತ್ತಿ ಬಂದದ್ದು. ಬಂದವರೆಲ್ಲ ಮನೆಯವರಾದರು, ಮನೆಯಲ್ಲೇ ಇದ್ದ ಹುರುಳಿ ಕೊಟ್ಟಿಗೆಗೆ ಹೋಯಿತು.

ಹುರುಳಿ ಸಾರು ಮಾಡುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೊತ್ತಿರುವವರು ಒಲೆಯ ಕಡೆ ಒಮ್ಮೆ ನೋಡಿಕೊಂಡು ಬನ್ನಿ, ಅಡ್ಡಿಯಿಲ್ಲ.

ಮೊದಲ ಕೆಲಸ ಕಲ್ಲು ಆರಿಸುವುದು. ಹುರುಳಿಯ ಜೊತೆ ಬರುವ ಕಲ್ಲು ಬಣ್ಣದಲ್ಲೂ ಗಾತ್ರದಲ್ಲೂ ಹುರುಳಿಯಂತೆಯೇ ಇರುತ್ತದೆ. ಮೊರದಲ್ಲಿ ಕೇರಿದರೂ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಬಿಳಿಯ ತಟ್ಟೆಯಲ್ಲಿ ಹಿಡಿಹಿಡಿಯಾಗಿ ಹರಡಿ ನೋಡಿ. ತೊಳೆಯುವಾಗ ಪಾತ್ರೆಯನ್ನು ಓರೆಮಾಡಿ ಕಾಳನ್ನು ನೀರಿನೊಂದಿಗೆ ಇನ್ನೊಂದು ಪಾತ್ರೆಗೆ ಜಾಳಿಸಿದರೆ ಕಲ್ಲು ತಳದಲ್ಲಿ ಉಳಿಯುತ್ತದೆ. ಈ ಜಾಳಿಸುವ ಕೈಚಳಕ ನಿಮ್ಮ ಮನೆಯ ಹಿರಿಯರಿಗೆ ಬರುತ್ತಿದ್ದರೆ ಅವರಿಂದ ಕಲಿತುಕೊಳ್ಳಿ.

ರಾತ್ರಿ ನೆನೆಹಾಕಿದ ಕಾಳು ಬೆಳಿಗ್ಗೆ ಉಬ್ಬಿರುತ್ತದೆ. ನೀರು ಬಸಿದು, ತೆಳು ಬಟ್ಟೆಯಲ್ಲಿ ಕಟ್ಟಿ, ಮುಚ್ಚಿದ ಪಾತ್ರೆಯಲ್ಲಿಟ್ಟರೆ ಮರುದಿನಕ್ಕೆ ಸಣ್ಣ ಬಿಳಿಮೂತಿ ಮೂಡುತ್ತದೆ. ಚಳಿಗಾಲದಲ್ಲಿ ಇನ್ನೂ ಅರ್ಧ ದಿನ ಕಾಯಬೇಕು. ಮೊಳಕೆ ಉದ್ದವಾಗಲು ಬಿಡಬೇಡಿ. ಅಕ್ಕಿಕಾಳಿನಷ್ಟಾದರೆ ಸಾಕು, ಉದ್ದವಾದಷ್ಟೂ ರುಚಿ ಸಪ್ಪೆ. ಇದನ್ನು ಕಾಳು ಮುಳುಗಿ ಮೂರು ಬೆರಳು ಮೇಲೆ ನಿಲ್ಲುವಷ್ಟು ನೀರಿನಲ್ಲಿ ಬೇಯಿಸಿ. ಕುಕ್ಕರಿನಲ್ಲಾದರೆ ನಾಲ್ಕೈದು ವಿಷಲ್. ಮೊಳಕೆ ಬರಿಸದ ಕಾಳಾದರೆ ಇನ್ನೆರಡು ಹೆಚ್ಚು. ಬೆಂದ ಮೇಲೆ ನೀರನ್ನು ಬಸಿದುಕೊಳ್ಳಿ. ಕಂದು ಬಣ್ಣದ, ಮಣ್ಣಿನ ವಾಸನೆಯ ಆ ಕಟ್ಟೇ ಸಾರಿನ ಜೀವ. ಅದನ್ನು ಚೆಲ್ಲಿದವರಿಗೆ ಹುರುಳಿ ಸಾರು ಒಲಿಯುವುದಿಲ್ಲ.

ಈಗ ಮಸಾಲೆ. ಒಂದು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಉರಿಯ ಮೇಲೆ ಸುಡಿ. ಕೆಂಡವಿದ್ದವರಿಗೆ ಕೆಂಡ, ಇಲ್ಲದವರಿಗೆ ಗ್ಯಾಸ್ ಒಲೆಯ ಮೇಲೊಂದು ಜಾಲರಿ. ಹೊರಗೆ ಕಪ್ಪಾಗಿ ಒಳಗೆ ಮೆತ್ತಗಾದಾಗ ಸಿಪ್ಪೆ ಸುಲಿದು, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕು ಕಾಳುಮೆಣಸು, ಒಂದಿಷ್ಟು ಕಾಯಿತುರಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಕೊನೆಗೆ ಒಂದು ಹಿಡಿ ಬೆಂದ ಹುರುಳಿ ಸೇರಿಸಿ ನುಣ್ಣಗೆ ರುಬ್ಬಿ. ಆ ಒಂದು ಹಿಡಿ ಕಾಳು ಮರೆತರೆ ಸಾರು ನೀರು ಬೇರೆ ಮಸಾಲೆ ಬೇರೆಯಾಗಿ ನಿಲ್ಲುತ್ತದೆ. ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ, ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಹಸಿವಾಸನೆ ಹೋಗುವವರೆಗೆ ಕುದಿಸಿ. ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಉಳಿದ ಕಾಳಿಗೆ ಈರುಳ್ಳಿ, ಹಸಿಮೆಣಸು, ಕಾಯಿತುರಿ ಹಾಕಿ ಪಲ್ಯ. ಒಂದೇ ಕಾಳಿನಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು. ಬಿಸಿ ಮುದ್ದೆ ಪಕ್ಕದಲ್ಲಿರಲಿ. ಉಳಿದ ಸಾರನ್ನು ಮರುದಿನ ಕುದಿಸಿ ಉಂಡವರಿಗೆ ಮೊದಲ ದಿನದ್ದು ಬರೀ ಪೀಠಿಕೆ ಎನಿಸುತ್ತದೆ.

ಬಸ್ಸಾರು ಇದರ ದಾಯಾದಿ. ಅದರಲ್ಲಿ ಕಾಳಿನ ಜೊತೆ ಸೊಪ್ಪೂ ಬೇಯುತ್ತದೆ. ಮಂಡ್ಯ, ಮೈಸೂರು ಕಡೆಯ ಉಪ್ಸಾರಿಗೆ ರುಬ್ಬುವ ತಾಪತ್ರಯವೂ ಕಡಿಮೆ: ಕಾಳು ಸೊಪ್ಪು ಬೇಯಿಸಿ ಬಸಿದ ನೀರಿಗೆ ಉಪ್ಪು, ಪಕ್ಕಕ್ಕೆ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ ಅರೆದ ಖಾರ. ದಿನವಿಡೀ ದುಡಿದು ಬಂದವರು ಅರ್ಧ ಗಂಟೆಯಲ್ಲಿ ಮಾಡಿ ಉಣ್ಣಬಹುದಾದ ಊಟ ಇದು, ಕಾಳು ನೆನೆದಿದ್ದರೆ.

ಇನ್ನು ದೂರುಗಳಿಗೆ ಬರೋಣ. "ಎಷ್ಟು ಹೊತ್ತು ಬೇಯಿಸಿದರೂ ಕಾಳು ಕಲ್ಲಿನಂತಿದೆ" ಎಂಬುದು ಮೊದಲನೆಯದು. ತಪ್ಪು ಬಹಳ ಸಲ ನೀರಿನದು. ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆ ಆಳದ ಕೊಳವೆಬಾವಿಯ ನೀರು ಗಡಸು. ಅದರಲ್ಲಿರುವ ಸುಣ್ಣದ ಅಂಶ ಕಾಳಿನ ಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಎಂಬ ಅಂಟಿನ ಜೊತೆ ಸೇರಿ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಉಪಾಯ ಸರಳ. ಕುಡಿಯಲೆಂದು ಊರಿನ ಶುದ್ಧ ನೀರಿನ ಘಟಕದಿಂದ ತರುವ ಕ್ಯಾನಿನಲ್ಲೇ ಒಂದಿಷ್ಟು ತೆಗೆದು, ಕಾಳು ನೆನೆಸಲೂ ಬೇಯಿಸಲೂ ಬಳಸಿ. ಎರಡನೆಯ ಕಾರಣ ಹಳೆಯ ಕಾಳು. ಸೆಕೆಯಲ್ಲಿ, ತೇವದ ಗಾಳಿಯಲ್ಲಿ ವರ್ಷಗಟ್ಟಲೆ ಕೂತ ಕಾಳು ಯಾವ ಮಂತ್ರಕ್ಕೂ ಮೆತ್ತಗಾಗುವುದಿಲ್ಲ. ಮೂರನೆಯದು ಹುಳಿ. ಹುಣಸೆ, ಟೊಮೆಟೊಗಳನ್ನು ಕಾಳು ಬೇಯುವ ಮೊದಲೇ ಹಾಕಿದರೆ ಅದು ಅಲ್ಲಿಗೇ ಬಿಗಿದುಕೊಳ್ಳುತ್ತದೆ.

ಉಪ್ಪಿನ ವಿಷಯದಲ್ಲಿ ಮಾತ್ರ ನಮ್ಮ ಅಜ್ಜಿಯರ ಮಾತನ್ನು ಸ್ವಲ್ಪ ತಿದ್ದಬೇಕಾಗಿದೆ. ಉಪ್ಪು ಮೊದಲೇ ಹಾಕಿದರೆ ಕಾಳು ಬೇಯದು ಎಂಬುದು ರೂಢಿಯ ಮಾತು. ಆದರೆ ನೆನೆಸುವ ನೀರಿಗೆ ಲೀಟರಿಗೊಂದು ಚಮಚ ಉಪ್ಪು ಹಾಕಿದರೆ ಸಿಪ್ಪೆ ಬೇಗ ಮೆದುವಾಗುತ್ತದೆ; ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿನ ಸುಣ್ಣದ ಅಂಶದ ಜಾಗ ಹಿಡಿಯುತ್ತದೆ. ಆ ನೀರನ್ನು ಚೆಲ್ಲಿ, ಕಾಳನ್ನು ತೊಳೆದು ಬೇಯಿಸಿ. ಮೊಳಕೆ ಬರಿಸುವುದಾದರೆ ಮಾತ್ರ ಉಪ್ಪು ಬೇಡ. ಅಡುಗೆ ಸೋಡಾ ಚಿಟಿಕೆ ಹಾಕಿದರೂ ಕಾಳು ಬೇಗ ಬೇಯುತ್ತದೆ ನಿಜ, ಆದರೆ ಅದು ಥಯಾಮಿನ್ ಎಂಬ ಬಿ ಜೀವಸತ್ವವನ್ನು ಹಾಳುಮಾಡುತ್ತದೆ, ಸಾರಿಗೆ ಸಾಬೂನಿನ ರುಚಿಯನ್ನೂ ತರಬಲ್ಲದು. ನೆನೆಸಿದ ಕಾಳಿಗೆ ಅದರ ಹಂಗಿಲ್ಲ.

ನೆನೆಹಾಕಲು ಮರೆತ ದಿನ? ಕಾಳನ್ನು ತೊಳೆದು ಎರಡು ಮೂರು ನಿಮಿಷ ಕುದಿಸಿ, ಒಲೆ ಆರಿಸಿ, ಮುಚ್ಚಿ ಒಂದು ಗಂಟೆ ಬಿಡಿ. ಆ ನೀರು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿ. ರಾತ್ರಿಯ ನೆನೆಯಷ್ಟು ಚೆನ್ನಾಗಿ ಬಾರದಿದ್ದರೂ ಊಟ ತಪ್ಪುವುದಿಲ್ಲ. ಹೆಸರುಕಾಳನ್ನಂತೂ ಬಾಣಲೆಯಲ್ಲಿ ಘಮ ಬರುವಂತೆ ಹುರಿದು ನೇರವಾಗಿ ಕುಕ್ಕರಿಗೆ ಹಾಕಬಹುದು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯವರು ಭಾನುವಾರ ಹೆಚ್ಚಾಗಿಯೇ ಬೇಯಿಸಿ, ಕಟ್ಟಿನ ಸಮೇತ ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟರೆ ಆ ವಾರದ ಯೋಚನೆ ಮುಗಿಯಿತು.

ಹೊಟ್ಟೆಯುಬ್ಬರದ ದೂರು ಎರಡನೆಯದು, ಹೆಚ್ಚು ಜೋರಿನದು. ಅದು ಸುಳ್ಳಲ್ಲ. ಕಾಳಿನಲ್ಲಿ ರ‍್ಯಾಫಿನೋಸ್ ಜಾತಿಯ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲದ್ದರಿಂದ ಅವು ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿನ ಸೂಕ್ಷ್ಮಾಣುಗಳು ಅವನ್ನು ಹುದುಗಿಸಿದಾಗ ಗಾಳಿ ಹುಟ್ಟುತ್ತದೆ. ಈ ಸಕ್ಕರೆಗಳು ನೀರಿನಲ್ಲಿ ಕರಗುವಂಥವು. ನೆನೆಸಿದ ನೀರನ್ನು ಚೆಲ್ಲಿದರೆ ಒಂದು ಪಾಲು ಅದರೊಂದಿಗೆ ಹೋಗುತ್ತದೆ, ಮೊಳಕೆ ಬರುವಾಗ ಇನ್ನೊಂದು ಪಾಲನ್ನು ಕಾಳೇ ತನ್ನ ಬೆಳವಣಿಗೆಗೆ ಖರ್ಚು ಮಾಡಿಕೊಳ್ಳುತ್ತದೆ. ಕಾಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡುವ ಫೈಟಿಕ್ ಆಮ್ಲವೂ ಮೊಳಕೆಯಲ್ಲಿ ತಗ್ಗುತ್ತದೆ. ಇನ್ನುಳಿದದ್ದು ರೂಢಿ. ತಿಂಗಳಿಗೊಮ್ಮೆ ಹಬ್ಬದಲ್ಲಿ ತಟ್ಟೆ ತುಂಬ ಕಡಲೆ ಉಸಲಿ ತಿಂದವರಿಗೆ ಹೊಟ್ಟೆ ಉಬ್ಬುವುದು ಸಹಜ. ದಿನಾ ಒಂದೆರಡು ಚಮಚದಿಂದ ಶುರುಮಾಡಿದರೆ ಕೆಲವು ವಾರಗಳಲ್ಲಿ ಕರುಳು ಒಗ್ಗಿಕೊಳ್ಳುತ್ತದೆ. ಇಂಗು, ಜೀರಿಗೆ, ಶುಂಠಿ, ಬೆಳ್ಳುಳ್ಳಿ ಕಾಳಿನ ಅಡುಗೆಯಲ್ಲಿ ಸುಮ್ಮನೆ ಬಂದು ಕೂತಿಲ್ಲ.

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯಂತೆ, ಪ್ರೋಟೀನು ಹೆಚ್ಚು ಬೇಕಾದ ವಯಸ್ಸಿನಲ್ಲೇ ಹಿರಿಯರು ಕಾಳು ಬಿಡುತ್ತಾರೆ. ಅವರಿಗೆ ಮೊಳಕೆ ಹೆಸರುಕಾಳನ್ನು ಮೆತ್ತಗೆ ಬೇಯಿಸಿ ಕಡೆದು ಕೊಡಿ. ಹಸಿ ಮೊಳಕೆಯ ಕೋಸಂಬರಿ ಬೇಡ; ಬೆಚ್ಚಗೆ ತೇವದಲ್ಲಿ ಮೊಳಕೆ ಬೆಳೆಯುವ ಕಡೆ ರೋಗಾಣುಗಳೂ ಬೆಳೆಯುತ್ತವೆ. ಮಕ್ಕಳಿಗೂ ಬಸುರಿಯರಿಗೂ ಇದೇ ಮಾತು. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರು ಹೇಳಿದ ಅಳತೆ ಮೀರಬಾರದು. ಇದೇ ಉಸಿರಿಗೆ ಇನ್ನೊಂದು: ಹುರುಳಿ ಕಟ್ಟು ಕುಡಿದರೆ ಮೂತ್ರಪಿಂಡದ ಕಲ್ಲು ಕರಗುತ್ತದೆ ಎಂದು ನಂಬಿ ನೋವು ನುಂಗಿಕೊಂಡು ಮನೆಯಲ್ಲಿ ಕೂರಬೇಡಿ. ಹುರುಳಿ ಒಳ್ಳೆಯ ಊಟ. ಆಸ್ಪತ್ರೆಯ ಕೆಲಸ ಅದರ ಮೇಲೆ ಹೊರಿಸುವುದು ಅದಕ್ಕೂ ಅನ್ಯಾಯ.

ರಾಜ್ಮಾ ತಿನ್ನುವವರಿಗೆ ಎಚ್ಚರಿಕೆಯ ಮಾತೊಂದಿದೆ. ಅದರಲ್ಲಿ, ಮುಖ್ಯವಾಗಿ ಕೆಂಪು ರಾಜ್ಮಾದಲ್ಲಿ, ವಾಂತಿ ಭೇದಿ ತರಿಸುವ ಲೆಕ್ಟಿನ್ ಇರುತ್ತದೆ. ನೆನೆಸಿ, ನೀರು ಚೆಲ್ಲಿ, ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿದರೆ ಅದು ನಾಶವಾಗುತ್ತದೆ. ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿದ್ದಕ್ಕೆ ಭಯವಿಲ್ಲ. ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೆಚ್ಚಗಿಡುವ ವಿದ್ಯುತ್ ಪಾತ್ರೆಗಳಲ್ಲಿ ಅದನ್ನು ನೇರವಾಗಿ ಹಾಕಬಾರದು. ವಿದೇಶದಲ್ಲಿರುವ ಮಕ್ಕಳಿಗೂ ಇದನ್ನು ಫೋನಿನಲ್ಲಿ ಹೇಳಿ.

ಹುರುಳಿಯ ಬಗ್ಗೆ ಇಷ್ಟು ಮಾತಾಡಿ ಅವರೆಯನ್ನು ಬಿಟ್ಟರೆ ಬೆಂಗಳೂರು, ಮಾಗಡಿ, ಕೋಲಾರದ ಕೇಳುಗರು ನನ್ನನ್ನು ಸುಮ್ಮನೆ ಬಿಡಲಾರರು. ನಾಟಿ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುವ ಗಿಡ. ಅದಕ್ಕೇ ಅದರ ಕಾಯಿ ಮಾರುಕಟ್ಟೆಗೆ ಬರುವುದು ಡಿಸೆಂಬರ್, ಜನವರಿಯಲ್ಲಿ, ಮಂಜು ಬೀಳುವ ರಾತ್ರಿಗಳಲ್ಲಿ. ಕಾಯಿ ಹಿಡಿದ ಕೈಗೆ ಅಂಟುವ ಎಣ್ಣೆಯಂಥ ಪಸೆಯೇ ಸೊಗಡು. ಅದಿಲ್ಲದ ಅವರೆ ಹೆಸರಿಗಷ್ಟೇ ಅವರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ 3, 4 ಎಂಬ, ಹಗಲಿನ ಉದ್ದಗಿಡ್ಡ ನೋಡದೆ ಕಾಯಿ ಬಿಡುವ ತಳಿಗಳನ್ನು ಕೊಟ್ಟದ್ದರಿಂದ ಈಗ ಬೇಸಿಗೆಯಲ್ಲೂ ಕಾಯಿ ಸಿಗುತ್ತದೆ. ರೈತರಿಗೆ ಅದು ದೊಡ್ಡ ಉಪಕಾರ. ಸೊಗಡಿಗೆ ಮಾತ್ರ ಚಳಿಗಾಲದ ತನಕ ಕಾಯಬೇಕು ಎನ್ನುವವರ ಪಕ್ಷ ನನ್ನದು. ಬೆಂಗಳೂರಿನ ವಿ.ವಿ. ಪುರಂನಲ್ಲಿ ಹೆಸರಾದ ಅವರೆಬೇಳೆ ಮೇಳದಲ್ಲಿ ಹಿತಕಿದ ಬೇಳೆಯ ಸಾರಿನಿಂದ ಹಿಡಿದು ಜಿಲೇಬಿಯವರೆಗೆ ಎಲ್ಲದರಲ್ಲೂ ಅವರೆ ಇರುತ್ತದೆ. ಜಿಲೇಬಿಯ ಬಗ್ಗೆ ನಾನೇನೂ ಹೇಳುವುದಿಲ್ಲ.

ಆದರೆ ಅವರೆಯ ಹಬ್ಬ ಒಂದೆರಡು ತಿಂಗಳಿನದು. ಹಸಿಕಾಳಿನ ಕಾಲ ಮುಗಿದ ಮೇಲೆ ಅದೇ ಕಾಳನ್ನು ಒಣಗಿಸಿಟ್ಟು ವರ್ಷವಿಡೀ ತಿನ್ನುವುದು ಹಳ್ಳಿಗಳ ಕ್ರಮವಾಗಿತ್ತು. ಕಾಳು ಕೆಡದಿರಲು ಹರಳೆಣ್ಣೆ ಸವರಿ ಬಿಸಿಲಿಗೆ ಹಾಕಿ, ಬೇವಿನ ಎಲೆ ಸೇರಿಸಿ ಗುಡಾಣಕ್ಕೆ ತುಂಬುತ್ತಿದ್ದರು. ಹುಳ ಕಾಳಿನ ಮೈಮೇಲೆ ಮೊಟ್ಟೆ ಅಂಟಿಸುತ್ತದೆ, ಮರಿ ಅಲ್ಲಿಂದಲೇ ಒಳಗೆ ಕೊರೆಯುತ್ತದೆ. ಎಣ್ಣೆ ಸವರಿದ ಕಾಳಿನಲ್ಲಿ ಮೊಟ್ಟೆ ಬದುಕುವುದು ಕಷ್ಟ. ಅಂಗಡಿಯಲ್ಲಿ ಹೆಸರು, ಅಲಸಂದೆ ಕೊಳ್ಳುವಾಗ ಕಾಳಿನ ಮೇಲೆ ಸಣ್ಣ ಬಿಳಿ ಚುಕ್ಕೆ ಕಂಡರೆ ಅದು ಆ ಮೊಟ್ಟೆ ಎಂದು ತಿಳಿದು ಬೇರೆ ಚೀಲ ಕೇಳಿ.

ಊರೂರಿನ ಕಾಳಿನಡುಗೆಯನ್ನೆಲ್ಲ ಹೇಳುತ್ತ ಕೂತರೆ ನನಗೆ ಕೊಟ್ಟ ಹೊತ್ತು ಸಾಲದು. ಎಳ್ಳಮಾವಾಸ್ಯೆಗೆ ಕಲಬುರಗಿ, ಬೀದರಿನ ಹೊಲಗಳಲ್ಲಿ ಹಸಿ ಕಡಲೆ, ತೊಗರಿ, ಅವರೆಗಳನ್ನು ಸೊಪ್ಪು ತರಕಾರಿಯೊಂದಿಗೆ ಕುದಿಸಿ ಮಾಡುವ ಭಜ್ಜಿಯನ್ನು ಸಜ್ಜೆ ರೊಟ್ಟಿಯೊಡನೆ ಉಂಡವರಿಗೆ ಅದನ್ನು ವಿವರಿಸಬೇಕಿಲ್ಲ. ಉಡುಪಿ, ಮಂಗಳೂರಿನ ಕಡೆ ಮನೋಳಿ ಕಡ್ಲೆ ಗಸಿ, ಬೆಳಗಿನ ತಿಂಡಿಗೆ ಕಡ್ಲೆ ಬಜಿಲು, ಮಳೆಗಾಲಕ್ಕೆ ಕುಡುವಿನ ಚಟ್ನಿ.

ಈಗ ಒಂದು ಬೆಲೆಯ ಮಾತು. 2015ರಲ್ಲಿ ತೊಗರಿಬೇಳೆ ಕಿಲೋಗೆ ಇನ್ನೂರು ರೂಪಾಯಿ ಮುಟ್ಟಿದ್ದು ನಿಮಗೆ ನೆನಪಿರಬಹುದು. ಮರುವರ್ಷ ಭಾರತ ಸರ್ಕಾರ ತೊಗರಿಗಾಗಿ ಮೊಜಾಂಬಿಕ್ ದೇಶದ ಜೊತೆ ಒಪ್ಪಂದ ಮಾಡಿಕೊಂಡಿತು. ಆ 2016ನ್ನು ವಿಶ್ವಸಂಸ್ಥೆ ದ್ವಿದಳ ಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸುತ್ತಿತ್ತು ಎಂಬುದೊಂದು ಸೋಜಿಗ. ಜಗತ್ತಿನಲ್ಲಿ ಅತಿ ಹೆಚ್ಚು ಬೇಳೆಕಾಳು ಬೆಳೆಯುವವರೂ ನಾವೇ, ತಿನ್ನುವವರೂ ನಾವೇ, ಸಾಲದೆ ಹೊರಗಿನಿಂದ ತರಿಸುವವರೂ ನಾವೇ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದ್ದು ಹೆಮ್ಮೆಯ ವಿಷಯವೇ. ಆದರೆ ಇಡೀ ದಕ್ಷಿಣದ ಸಾರು ಒಂದೇ ಬೇಳೆಯ ಮೇಲೆ ನಿಂತರೆ, ಒಂದು ವರ್ಷ ಮಳೆ ತಪ್ಪಿದರೆ ಸಾಕು, ಆ ಬೇಳೆ ಬಡವರ ಮನೆಯಿಂದ ಮೊದಲು ಮಾಯವಾಗುತ್ತದೆ. ವಾರಕ್ಕೆ ಮೂರು ದಿನ ಸಾರಿನ ಹೊಣೆಯನ್ನು ಬೇರೆ ಬೇರೆ ಕಾಳುಗಳಿಗೆ ವಹಿಸಿಕೊಟ್ಟರೆ ಮನೆಯ ಖರ್ಚೂ ಹದಕ್ಕೆ ಬರುತ್ತದೆ.

ಹೊಲಕ್ಕೂ ಅದು ಒಳ್ಳೆಯದು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಟ್ಟು ಅವರೆ, ಅಲಸಂದೆ, ತೊಗರಿ, ಹುಚ್ಚೆಳ್ಳು ಹಾಕುವ ಪದ್ಧತಿ ನಮ್ಮಲ್ಲಿತ್ತು, ಈಗಲೂ ಅಲ್ಲಲ್ಲಿ ಇದೆ. ಕಾಳಿನ ಗಿಡದ ಬೇರುಗಂಟುಗಳಲ್ಲಿ ವಾಸಿಸುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಬೇರು ಎಲೆ ಕೊಳೆತಾಗ ಅದು ಮಣ್ಣಿಗೂ ಸೇರುತ್ತದೆ. ಮುಂಗಾರು ಕೈಕೊಟ್ಟ ವರ್ಷ ಕೆಮ್ಮಣ್ಣಿನ ಹೊಲದಲ್ಲಿ ರೈತ ಕೊನೆಯ ಭರವಸೆಯಾಗಿ ಚೆಲ್ಲುವ ಬೀಜ ಹುರುಳಿ. ಹಿಂಗಾರಿನ ಒಂದೆರಡು ಹದ ಮಳೆಗೆ ಅದು ಹಬ್ಬಿ ನೆಲ ಮುಚ್ಚುತ್ತದೆ. ಇಂಥ ಬೆಳೆಗೆ ಕೊಳ್ಳುವವರಿಲ್ಲದಿದ್ದರೆ ಬೆಳೆಯುವವರೂ ಉಳಿಯುವುದಿಲ್ಲ. ದನಕ್ಕೆ ಕೊಳ್ಳುವ ಬೆಲೆಯಲ್ಲಿ ಮನುಷ್ಯರ ಊಟದ ಕಾಳು ಎಷ್ಟು ದಿನ ಬೆಳೆಯಲಾದೀತು?

ಮಕ್ಕಳು ತಿನ್ನುವುದಿಲ್ಲ ಎಂಬ ದೂರೊಂದು ಉಳಿಯಿತು. ಬಟಾಣಿ, ಕಡಲೆಗಳನ್ನು ಬೀದಿಬದಿಯ ಮಸಾಲೆಯಲ್ಲಿ ಚಪ್ಪರಿಸುವ ಮಕ್ಕಳು ಮನೆಯಲ್ಲಿ ಮಾತ್ರ ಮುಖ ತಿರುಗಿಸುವುದು ರುಚಿ ಗೊತ್ತಿಲ್ಲದೆ ಅಲ್ಲ. ನೀವು ಸಪ್ಪೆ ಮಾಡಿದ್ದೀರಿ! ಬೆಂದ ಅಲಸಂದೆಗೆ ಈರುಳ್ಳಿ, ನಿಂಬೆಹಣ್ಣು, ಹಸಿಮೆಣಸು, ಒಗ್ಗರಣೆ ಬೀಳಲಿ. ಸಂಜೆ ಶಾಲೆಯಿಂದ ಹಸಿದು ಬಂದಾಗ ಬಿಸ್ಕತ್ತಿನ ಡಬ್ಬಿಗೆ ಮುಂಚೆ ಈ ಬಟ್ಟಲು ಮುಂದೆ ಬರಲಿ. ನಿಂಬೆಯ ಹುಳಿ ಕಾಳಿನ ಕಬ್ಬಿಣ ಮೈಗೆ ಹತ್ತಲೂ ನೆರವಾಗುತ್ತದೆ. ಊಟವಾದ ಕೂಡಲೇ ಕುಡಿಯುವ ಚಹಾ ಕಾಫಿ ಅದಕ್ಕೆ ಅಡ್ಡಬರುತ್ತದೆ; ದೊಡ್ಡವರು ಒಂದು ಗಂಟೆ ತಡೆದು ಕುಡಿಯಿರಿ.

ಎಲ್ಲಿಂದ ಶುರುಮಾಡಬೇಕೆಂದು ಕೇಳುವವರಿಗೆ ನನ್ನ ಸಲಹೆ ಇಷ್ಟು. ಮೊದಲ ವಾರ ಹೆಸರುಕಾಳು, ಅದು ಹೊಟ್ಟೆಗೂ ಹಗುರ, ಒಲೆಗೂ ಹಗುರ. ಆಮೇಲೆ ಅಲಸಂದೆ. ಕೈ ಪಳಗಿದ ಮೇಲೆ ಹುರುಳಿ. ಹತ್ತಿರ ಸಂತೆಯಿದ್ದರೆ ಅಲ್ಲಿಂದಲೇ ತನ್ನಿ, ಅಂಗಡಿಯವರಲ್ಲಿ "ಈ ವರ್ಷದ ಕಾಳೇ?" ಎಂದು ಕೇಳಲು ಸಂಕೋಚ ಬೇಡ. ಇವತ್ತು ರಾತ್ರಿ ಊಟ ಮುಗಿದ ಮೇಲೆ, ಮನೆಯಲ್ಲಿ ಯಾರು ಕೊನೆಗೆ ದೀಪ ಆರಿಸುತ್ತಾರೋ ಅವರು, ಗಂಡಸಾಗಲಿ ಹೆಂಗಸಾಗಲಿ, ಎರಡು ಹಿಡಿ ಹೆಸರುಕಾಳು ತೊಳೆದು, ಅದರ ಮೂರರಷ್ಟು ನೀರು ಹಾಕಿ ಮುಚ್ಚಿಟ್ಟು ಮಲಗಿ. ನಾಳೆ ಬೆಳಿಗ್ಗೆ ಆ ನೀರು ಚೆಲ್ಲುವುದನ್ನು ಮಾತ್ರ ಮರೆಯಬೇಡಿ.